ಇನ್ನೊಂದು ಸೀನ್ರಿ, ಟೀಚರ್

ಮೂಗಿನಷ್ಟು ಸಂಕೋಚವಿಲ್ಲದ ಅಂಗ ಇನ್ನೊಂದಿಲ್ಲ. ವಿಜ್ಞಾನದ ಟೀಚರಾಗಿ ಇಪ್ಪತ್ತು ವರ್ಷಗಳಿಂದ ಅದರ ಗುಣಗಾನ ಮಾಡುತ್ತ ಬಂದಿದ್ದೇನೆ: ಗಾಳಿಯನ್ನು ಕೂದಲಿನಿಂದ ಸೋಸುತ್ತದೆ, ಬೆಚ್ಚಗೆ ಮಾಡುತ್ತದೆ, ತೇವ ಮಾಡಿ ಗಂಟಲಿಗೆ ದಾಟಿಸುತ್ತದೆ, ಧೂಳು ನುಗ್ಗಿದರೆ ಸೀನಿನಿಂದ ಹೊರದಬ್ಬುತ್ತದೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಚಿತ್ರದ ಮೂಗು ಸಭ್ಯಸ್ಥ, ಎಂದೂ ಸೀನುವುದಿಲ್ಲ. ನನ್ನದು ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕಸ ಗುಡಿಸಿ ಮುಗಿಯುವ ಹೊತ್ತಿಗೆ ಸೀನುತ್ತಿತ್ತು. ಅದೂ ಒಂದೇ ಒಂದು ಸಲ.

ಒಂದೇ ಸೀನು ಅಂದರೆ ನಮ್ಮ ಕೊಟ್ಟೂರಿನಲ್ಲಿ ಅಪಶಕುನ, ಹೊರಟವರು ನಿಲ್ಲಬೇಕು. ಎರಡಾದರೆ ಅಡ್ಡಿಯಿಲ್ಲ. ಪಕ್ಕದ ಮನೆಯ ಕೊಟ್ರಮ್ಮ ತಮ್ಮ ಬಳೆ ಅಂಗಡಿಗೆ ಹೊರಡುವುದೂ ಅದೇ ಒಂಬತ್ತಕ್ಕೆ. ನಡುವೆ ಇರುವುದು ಒಂದೇ ಗೋಡೆ. ನಾನು ಸೀನಿದ ಕೂಡಲೇ ಆಚೆಯಿಂದ ದನಿ ಬರುತ್ತಿತ್ತು.

"ಟೀಚರ್ರೀ, ಇನ್ನೊಂದು ಸೀನ್ರಿ. ಗಿರಾಕಿ ಕಾಯಾಕ ಹತ್ಯಾರ."

"ಬರವಲ್ದು ಕೊಟ್ರಮ್ಮ, ನಾನೇನು ಮಾಡ್ಲಿ?"

"ಬಿಸ್ಲಾಗ ನಿಂತು ಮ್ಯಾಲೆ ನೋಡ್ರಿ, ಬರ್ತೈತಿ."

ಬರುತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತು ನೀರು ಕುಡಿದು, ನಾನು ಏನು ತಿಂದೆ, ಒಬ್ಬಳಿಗೆ ಎಷ್ಟು ಅಕ್ಕಿ ಹಾಕುತ್ತೇನೆ ಎಂದೆಲ್ಲ ವಿಚಾರಿಸಿ, ನನ್ನ ಮೂಗಿಗೆ ನಾಲ್ಕು ಬೈದು ಹೋಗುತ್ತಿದ್ದರು. ಮದುವೆಯ ಮಾತು ಬಿಟ್ಟು ಎಷ್ಟೋ ವರ್ಷವಾದ ನನಗೆ ಮನೆಯಲ್ಲಿ ಇನ್ನೊಬ್ಬರ ದನಿ ಕೇಳುತ್ತಿದ್ದುದು ಆ ಐದು ನಿಮಿಷ ಮಾತ್ರ. ಶಾಲೆಯ ತುಂಬ ಮಕ್ಕಳಿದ್ದಾರೆ, ನಿಜ. ಊಟ ಆಯಿತೇ ಎಂದು ಅವರು ಕೇಳುವುದಿಲ್ಲ.

ಬುದ್ಧಿ ಎಲ್ಲಿಗೆ ಹೋಗಿತ್ತೋ, ಡಾಕ್ಟರ ಬಳಿ ಹೋದೆ. "ಧೂಳಿನ ಅಲರ್ಜಿ ಐತ್ರಿ. ಗುಳಿಗಿ ನುಂಗ್ರಿ, ನಿಲ್ತೈತಿ" ಎಂದರು. ನಿಂತಿತು. ಮರುದಿನ ಒಂಬತ್ತಕ್ಕೆ ಕೊಟ್ರಮ್ಮ ಬೀಗ ಹಾಕಿದ ಸದ್ದು, ಚಪ್ಪಲಿಯ ಸದ್ದು, ಅಷ್ಟೆ. ಮೂರು ದಿನ ಹೀಗೇ ಆಯಿತು. ಹೇಳಿಕೊಳ್ಳಲು ನಾಚಿಕೆ, ನನಗೆ ಅಳುವೇ ಬಂತು. ಕರೆದು ಮಾತಾಡಿಸಬಹುದಿತ್ತಲ್ಲ ಎನ್ನುತ್ತೀರಿ. ಹೊರಟವರನ್ನು ಹಿಂದಿನಿಂದ ಕರೆಯುವುದೂ ಅಪಶಕುನವೇ. ಅಲ್ಲದೆ ಕರೆದರೆ ಕಾರಣ ಹೇಳಬೇಕು, ಸೀನಿದರೆ ಹೇಳಬೇಕಾಗಿಲ್ಲ.

ನಾಲ್ಕನೇ ದಿನ ಗುಳಿಗೆ ನುಂಗಲಿಲ್ಲ. ಸೀನು ನಮ್ಮ ಇಚ್ಛೆಯಂತೆ ಬರುವುದಲ್ಲ ಎಂದು ಮಕ್ಕಳಿಗೆ ಕಲಿಸುವ ನಾನೇ ಸೆರಗಿನ ಚುಂಗು ಹೊಸೆದು, ಮೂಗಿನೊಳಗೆ ಆಡಿಸುತ್ತ ಗೋಡೆಗೆ ಒರಗಿ ನಿಂತೆ. ಆಚೆ ಬೀಗದ ಸದ್ದಾಯಿತು. ಸೀನು ಬಂತು. ಎಂಥ ಸಂತೋಷ! ಮಾತಿಗೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಬಂತು.

"ಜೋಡಿ ಸೀನು ಆತು ನೋಡ್ರಿ. ಇವತ್ತು ಯಾಪಾರ ಚಲೋ ಆಕೈತಿ ಬಿಡ್ರಿ ಟೀಚರ್" ಎನ್ನುತ್ತ ಕೊಟ್ರಮ್ಮ ನಿಲ್ಲದೆ ನಡೆದೇಬಿಟ್ಟರು.

ಮೂಗು ಒರೆಸಿಕೊಂಡು, ಚೀಲ ತೆಗೆದುಕೊಂಡು ನಾನೂ ಶಾಲೆಗೆ ಹೊರಟೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟೆ. ಒಳಗಿನಿಂದ ಯಾರೂ ಸೀನಲಿಲ್ಲ.