ಟ್ಯಾಂಕ್ ನೋಡಲು ಬಂದವರು

ನಗ್ಗು ಅನ್ನುತ್ತಿದ್ದರೋ ನೆಗ್ಗು ಅನ್ನುತ್ತಿದ್ದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಜಗಳೂರಿನ ನಮ್ಮ ತವರಿನಲ್ಲಿ ತಂಬಿಗೆ ಬಿದ್ದು ಒಳಕ್ಕೆ ಗುಣಿಯಾದರೆ ಅವ್ವ ಆ ಮಾತು ಹೇಳುತ್ತಿದ್ದಳು. ಮಂಗಳೂರಿನ ಮಗಳ ಮನೆಗೆ ಬಂದ ಮೇಲೆ ಅಂಥ ಎಷ್ಟೋ ಮಾತುಗಳು ಅರ್ಧಂಬರ್ಧ ಉಳಿದಿವೆ. ಇರಲಿ, ನಾನು ಹೇಳಹೊರಟದ್ದು ತಂಬಿಗೆಯ ವಿಷಯವಲ್ಲ, ನಮ್ಮ ಯಜಮಾನರ ಬೈಕಿನ ಪೆಟ್ರೋಲ್ ಟ್ಯಾಂಕಿನ ವಿಷಯ. ಕಾಯಿಲೆ ಹೊಕ್ಕ ಮನೆಯಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ ಎಂದುಕೊಂಡಿದ್ದೆ. ನಡೆಯುತ್ತದೆ. ನಗಲು ಪುರುಸೊತ್ತಿಲ್ಲದಾಗಲೇ ಒಂದರ ಹಿಂದೊಂದು ನಡೆಯುತ್ತದೆ.

ಆಗ ನಾವಿದ್ದದ್ದು ಚನ್ನಗಿರಿಯಲ್ಲಿ. ಯಜಮಾನರು ಬೈಕಿನ ಹಿಂದೆ ಬಟ್ಟೆಗಂಟು ಕಟ್ಟಿಕೊಂಡು ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ ಎಂದು ಸಂತೆ ಸುತ್ತುತ್ತಿದ್ದರು. ಒಂದು ಬೆಳಿಗ್ಗೆ ಅಂಗಳದಲ್ಲಿ ಸ್ಟ್ಯಾಂಡ್ ತೆಗೆಯುತ್ತಿದ್ದಾಗ ಲಕ್ವಾ ಹೊಡೆಯಿತು. ಅವರು ಒಂದು ಕಡೆ ಬಿದ್ದರು, ಬೈಕ್ ಇನ್ನೊಂದು ಕಡೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಟ್ಯಾಂಕಿನ ಎಡಭಾಗದಲ್ಲಿ ಮುಷ್ಟಿ ಹಿಡಿಸುವಷ್ಟು ಗುಣಿ. ಅವರಿಗೂ ಹೋದದ್ದು ಎಡಗೈ, ಎಡಗಾಲೇ.

"ದಿನಾ ಎಬ್ಬಿಸಿ ನಡೆಸಿ. ಮಲಗಿಸಿಯೇ ಬಿಟ್ಟರೆ ಆಮೇಲೆ ಏಳುವುದಿಲ್ಲ" ಎಂದರು ಡಾಕ್ಟರು. ನಾನು ಎಬ್ಬಿಸಲು ಹೋದರೆ ಇವರು ಮಂಚದಿಂದಲೇ ಕಿಟಕಿಯಾಚೆ ಕೈ ತೋರಿಸಿದರು.

"ಮೊದ್ಲು ಅದನ್ನ ನೆಟ್ಟಗೆ ಮಾಡ್ಸು. ಆಮೇಲೆ ನನ್ನ ನೆಟ್ಟಗೆ ಮಾಡೀಯಂತೆ."

ರೋಗಿ ಎಲ್ಲಿ?

ನೋಡಲು ಬರುವವರಿಗೇನೂ ಕಡಿಮೆಯಿರಲಿಲ್ಲ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುವರು, ಮಂಚದ ಹತ್ತಿರ ಕ್ಷಣಹೊತ್ತು ನಿಂತು ಲೊಚಗುಟ್ಟುವರು, ಆಮೇಲೆ ಅಂಗಳಕ್ಕಿಳಿದು ಬೈಕಿನ ಸುತ್ತ ಕೂತುಬಿಡುವರು. ಒಬ್ಬರು ಒಳಗಿಂದ ಗಾಳಿ ಹೊಡೆಸಿ ಎನ್ನುವರು, ಇನ್ನೊಬ್ಬರು ಐಸ್ ಇಡಿ ಎನ್ನುವರು.

ಒಂದು ದಿನ ಯಜಮಾನರು ಒಳಗಿನಿಂದ ಕೂಗಿದರು: "ರೋಗಿ ಇಲ್ಲಿ ಅದಾನೆ ಕಣ್ರೀ!"

ಹೊರಗಿನಿಂದ ಉತ್ತರ ಬಂತು: "ನಿಮ್ಮನ್ನ ನೋಡಾಕೆ ಡಾಕ್ಟ್ರು ಅದಾರೆ ಬಿಡ್ರಿ. ಪಾಪ, ಇದಕ್ಕೆ ಯಾರು ಅದಾರೆ?"

ಮೇಷ್ಟ್ರ ಉಪಾಯ

ಎದುರುಮನೆಯ ನಿವೃತ್ತ ಮೇಷ್ಟ್ರು ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದರು. ಕೈಯಲ್ಲಿ, ಬಚ್ಚಲು ಕಟ್ಟಿಕೊಂಡಾಗ ಒತ್ತುತ್ತಾರಲ್ಲ, ಆ ಕೋಲಿನ ರಬ್ಬರು.

"ಬಿಸಿನೀರು ಹುಯ್ಯಿರಿ ತಂಗೀ. ನಾನು ಎಳೀತೀನಿ. ಪಟಕ್ ಅಂತ ಹೊರಗೆ ಬರ್ತೈತೆ."

ಬಿಡದೆ ಹಿಡಿಯಲಿ ಎಂದು ಅಂಚಿಗೆ ಗೋಂದು ಬೇರೆ ಸವರಿದ್ದರು. ಒತ್ತಿದರು, ಎಳೆದರು, ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದರು. ಗುಣಿ ಬರಲಿಲ್ಲ. ರಬ್ಬರೂ ಬರಲಿಲ್ಲ. ಟ್ಯಾಂಕಿಗೆ ಕೊಂಬು ಮೂಡಿದಂತೆ ನಿಂತುಬಿಟ್ಟಿತು. ಮೇಷ್ಟ್ರು ಬೆವರು ಒರೆಸಿಕೊಂಡು ಮನೆಗೆ ಹೋದರು.

ಸಂಜೆ ಅವರ ಹೆಂಡತಿ ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದಳು: "ಅಕ್ಕಾ, ನಮ್ಮ ಬಚ್ಚಲು ಕಟ್ಕಂಡೈತೆ. ನಿಮ್ಮ ಬೈಕ್ ಒಂಚೂರು ಕಳಸ್ತೀರಾ?"

ಅಣ್ಣನ ಹುರುಳಿ

ಇವರನ್ನು ನೋಡಲು ಜಗಳೂರಿನಿಂದ ನನ್ನ ಅಣ್ಣ ಬಂದ. ಅವನು ಬರುವ ಹೊತ್ತಿಗೆ ಇವರ ಎಡಗಾಲು ಒಣಕೊಂಬೆಯ ಹಾಗೆ ಬಿಗಿಯುತ್ತ ಬಂದಿತ್ತು. ಇವರು ಮಾತ್ರ ಹಟ ಬಿಟ್ಟಿರಲಿಲ್ಲ.

"ಅವ್ವ ತಂಬಿಗೆ ಹೆಂಗೆ ಸರಿ ಮಾಡ್ತಿದ್ಲು, ಮರೆತ್ಯಾ?" ಎಂದ ಅಣ್ಣ. "ಹುರುಳಿ ತುಂಬಿ ನೀರು ಹಾಕಿ ಬಾಯಿ ಕಟ್ಟೋಳು. ಕಾಳು ಉಬ್ಬಿ ಉಬ್ಬಿ ಒಳಗಿಂದ ದಬ್ಬೋದು."

ಪೆಟ್ರೋಲ್ ಇಳಿಸಿದ, ಟ್ಯಾಂಕ್ ತೊಳೆದ, ಹುರುಳಿ ಸುರಿದ, ನೀರು ಹಾಕಿ ಮುಚ್ಚಳ ಬಿಗಿದ. ನಾನು ದೇವರಿಗೂ ಕೈಮುಗಿದೆ, ಟ್ಯಾಂಕಿಗೂ ಕೈಮುಗಿದೆ. ಕಾದು ಕಾದು ಮುಚ್ಚಳ ತೆಗೆದರೆ ಗುಣಿ ಇದ್ದಲ್ಲೇ ಇದೆ, ಬಾಯಿಯಿಂದ ಬೆಳ್ಳಗೆ ಮೊಳಕೆ ಹೊರಗೆ ಇಣುಕುತ್ತಿದೆ!

ಕಿಟಕಿಯಿಂದ ನೋಡಿದ ಯಜಮಾನರು ಬಹಳ ದಿನಗಳ ಮೇಲೆ ನಕ್ಕರು. ನಗು ಬಾಯಿಯ ಒಂದೇ ಕಡೆಗೆ ಬಂತು.

"ನಿಮ್ಮಣ್ಣ ಹೊಲದಾಗೆ ಬಿತ್ತಿದ್ದು ಒಂದು ವರ್ಷನೂ ನೆಟ್ಟಗೆ ಹುಟ್ಟಿಲ್ಲ. ಟ್ಯಾಂಕ್‌ನಾಗೆ ನೋಡು, ಹೆಂಗೆ ಬಂದೈತೆ!"

ತಳ ಕೊಯ್ಯುವುದು

ಕೊನೆಗೆ ಮಗ ಟ್ಯಾಂಕ್ ಬಿಚ್ಚಿ ಹೊನ್ನಾಳಿಯ ಟಿಂಕರ್ ಹತ್ತಿರ ಒಯ್ದ. ಟಿಂಕರ್ ತಳ ಕೊಯ್ದವನೇ ಫೋನ್ ಮಾಡಿದ: "ಯಜಮಾನ್ರೇ, ಒಳಗೆ ಹಿಡಿ ಹುರುಳಿ ಸಿಕ್ತು. ಗಾಡಿ ಓಡಿಸ್ತಿದ್ರೋ, ಮೇಯಿಸ್ತಿದ್ರೋ?"

ಒಳಗೆ ಸಲಾಕೆ ಬಿಟ್ಟು ಗುಣಿಯನ್ನು ಹೊರಕ್ಕೆ ಒತ್ತಿ, ತಳಕ್ಕೆ ಬೆಸುಗೆ ಹಾಕಿ, ಬಣ್ಣ ಹೊಡೆದು ಕೊಟ್ಟ. ಎಲ್ಲಿ ಗುಣಿ ಇತ್ತೆಂದು ನಮಗೇ ಗುರುತು ಸಿಗದಂತಾಯಿತು. ಆದರೆ "ಕಣ್ಣಿಗೆ ಕಂಡ್ರೆ ಆಗಲ್ಲ, ಕೈಗೆ ಸಿಗಬೇಕು" ಎಂದರು ಇವರು.

ನನ್ನ ಹೆಗಲು ಹಿಡಿದು, ಕಾಲೆಳೆಯುತ್ತ, ಅಂತೂ ಅಂಗಳದವರೆಗೆ ಬಂದರು. ಬಲಗೈಯಿಂದ ಟ್ಯಾಂಕ್ ಸವರಿದರು. ಆಮೇಲೆ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಅದರ ಮೇಲಿಟ್ಟರು. ಆ ಕೈಗೆ ಏನೂ ತಿಳಿಯಲಿಲ್ಲವೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಅದು ನೆಟ್ಟಗಾತು. ಇನ್ನು ನಿಮ್ದು, ನಡೀರಿ" ಎಂದೆ.

"ಟಿಂಕರ್‌ನನ್ನೇ ಕರಸು" ಎಂದರು. "ನಂದೂ ತಳ ಕೊಯ್ದು ಒಳಗಿಂದ ಒತ್ತಲಿ."

ಗ್ಯಾರಂಟಿ

ತಡವಾಗಿಬಿಟ್ಟಿತ್ತು. ಸ್ವಲ್ಪ ದಿನ ಮಂಚದಿಂದ ಬೈಕಿನವರೆಗೆ ನಡೆದರು, ಅದಕ್ಕಿಂತ ಮುಂದೆ ಆ ಕಾಲು ಹೋಗಲಿಲ್ಲ. ಆಮೇಲೆ ಲಕ್ವಾ ಎರಡನೆಯ ಸಲ ಹೊಡೆಯಿತು. ಆಸ್ಪತ್ರೆಗೆ ಹೋದವರು ಜೀವವಿಲ್ಲದೆ ಮನೆಗೆ ಬಂದರು.

ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸಿದ್ದೆವು. ನಮ್ಮ ಕಡೆ ಬಂದವರೆಲ್ಲ ಸತ್ತವರನ್ನೇ ಮಾತಾಡಿಸಿ ಅಳುತ್ತಾರೆ. "ಬಿಟ್ಟು ಹೋದ್ಯಲ್ಲೋ ಅಣ್ಣಾ" ಎಂದು ಒಬ್ಬಳು, "ಇನ್ನಾರ ಹತ್ರ ಬಟ್ಟೆ ತರ್ಲಿ ಮಾವಾ" ಎಂದು ಇನ್ನೊಬ್ಬಳು. ಅಷ್ಟರಲ್ಲಿ ಟಿಂಕರ್ ಬಂದ. ಅಂಗಳದಲ್ಲಿದ್ದ ಬೈಕ್ ನೋಡಿದ, ಹತ್ತಿರ ಹೋಗಿ ಬಗ್ಗಿ ಟ್ಯಾಂಕ್ ಸವರಿದ. ಆಮೇಲೆ ಒಳಗೆ ಬಂದು ಇವರ ಎದುರು ಕೂತು ಎದೆ ಬಡಿದುಕೊಂಡ.

"ಏನ್ ಕೆಲ್ಸ ಮಾಡಿದ್ರಿ ಯಜಮಾನ್ರೇ! ಒಂದು ವರ್ಷ ಗ್ಯಾರಂಟಿ ಕೊಟ್ಟಿದ್ದೆನಲ್ರೀ! ಅದು ಇನ್ನಾ ಹೊಸದ್ರಂಗೆ ನಿಂತೈತೆ, ನೀವೇ ಹೋಗಿಬಿಟ್ರಲ್ಲಾ!"

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮೈಯೆಲ್ಲ ನಡುಗತೊಡಗಿತು. ಹೆಂಗಸರು ನನ್ನನ್ನು ತಬ್ಬಿ, "ಅತ್ತುಬಿಡವ್ವಾ, ಒಳಗೆ ಇಟ್ಕಬ್ಯಾಡ" ಎಂದು ಬೆನ್ನು ಸವರಿದರು.

ಇದೆಲ್ಲ ಕೇಳಿ ಬರೆದುಕೊಳ್ಳುತ್ತಿರುವ ಮೊಮ್ಮಗಳು ಈಗ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡು, "ಪಾಪ ಅಜ್ಜಿ, ತುಂಬಾ ಅತ್ತಿದ್ಯಾ?" ಎನ್ನುತ್ತಾಳೆ. ಇಲ್ಲ ಮಗಳೇ, ಆವತ್ತು ನಾನು ನಕ್ಕೆ. ಅಲ್ಲಿದ್ದವರಿಗೆ ಯಾರಿಗೂ ಇವತ್ತಿನವರೆಗೆ ಗೊತ್ತಿಲ್ಲ. ಪೆನ್ನು ತಗೊಂಡು ಹಾಗೇ ಬರೆದಿಡು.