ಬೋರಲು ಬೀಳುವ ಅತ್ತೆ

ನಮ್ಮ ಅತ್ತೆ ಮನೆಗೆ ಬಂದರೆ ಕೂರುವುದಿಲ್ಲ, ಬೋರಲು ಬೀಳುತ್ತಾರೆ! ನಂಬದವರು ಯಾವುದಾದರೂ ಭಾನುವಾರ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬರಲಿ. ಅಪ್ಪನ ಅಕ್ಕ, ಅರವತ್ತೈದು ದಾಟಿದ ಹೆಂಗಸು, ಸಿ.ಎಸ್. ಪುರದ ಬಸ್ಸಿಳಿದು ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಯಲ್ಲಿ ಉದ್ದಕ್ಕೆ ಮಲಗಿ ಕತ್ತೆತ್ತುತ್ತಾರೆ. ಎದುರಿಗೆ ನನ್ನ ಅಕ್ಕನ ಒಂಬತ್ತು ತಿಂಗಳ ಮಗಳು, ಅದೇ ಭಂಗಿಯಲ್ಲಿ.

ವಿಷಯ ಮಾತ್ರ ತಮಾಷೆಯದಲ್ಲ. ಅದೇ ವಯಸ್ಸಿನ ಪಕ್ಕದ ಮನೆಯ ಮಗು ಆಗಲೇ ಹೊಸಿಲು ದಾಟಿತ್ತು. ನಮ್ಮದು ಕೂರಿಸಿದಲ್ಲೇ ಕೂತಿರುತ್ತಿತ್ತು. "ಏನೂ ತೊಂದರೆಯಿಲ್ಲ, ನೆಲದ ಮೇಲೆ ಆಡಲು ಬಿಡಿ" ಎಂದಿದ್ದರು ಡಾಕ್ಟರು. ಬಿಡುವವರು ಯಾರು? ಅಮ್ಮನ ತೊಡೆಯಿಂದ ಅಕ್ಕನ ಸೊಂಟಕ್ಕೆ, ಅಲ್ಲಿಂದ ಭಾವನ ಹೆಗಲಿಗೆ! ಆಮೇಲೆ ಅಕ್ಕ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅಳುವುದು.

"ಕೂಸೇನು ಉತ್ಸವಮೂರ್ತಿನಾ, ಹೊತ್ಕಂಡು ತಿರ್ಗಕ್ಕೆ? ಇಳ್ಸವ್ವ ಕೆಳಕ್ಕೆ," ಎಂದರು ಅತ್ತೆ. ಚೀಲದಿಂದ ಒಂದು ಒಣಗಿದ ತೆಂಗಿನಕಾಯಿ ತೆಗೆದು ಉರುಳಿಸಿದರು. ಒಳಗೆ ಕೊಬ್ಬರಿ ಕಳಚಿಕೊಂಡ ಕಾಯಿ. ಉರುಳಿದರೆ ಲೊಟಲೊಟ ಸದ್ದು. ಮಗುವಿನ ಕೈಗೆ ಒಂದು ಗೇಣು ದೂರದಲ್ಲಿ ಅದನ್ನು ನಿಲ್ಲಿಸುವುದೇ ಅವರ ಇಡೀ ಶಾಸ್ತ್ರ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು ನಾನು, ಸುಮ್ಮನಿರುತ್ತೇನೆಯೇ? "ಅತ್ತೆ, ಇದಕ್ಕೇನು ಪುರಾವೆ?"

"ಬೋರ್ಲು ಮಲ್ಕೋ, ಕೊಡ್ತೀನಿ."

ಮಲಗಿದೆ. ಎರಡೇ ನಿಮಿಷಕ್ಕೆ ಕತ್ತು ಸೋತಿತು. ಮಗು ಇನ್ನೂ ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು, ತೀರ್ಪುಗಾರರ ಹಾಗೆ!

ಕುಣಿಗಲ್‌ನಲ್ಲಿ ಮೇಷ್ಟ್ರಾಗಿರುವ ಭಾವ ಅಲ್ಲಿಂದ ಒಂದು ವಾಕರ್ ತಂದರು. ಮರುವಾರ ನೋಡಿದರೆ ಅದರ ತುಂಬ ಈರುಳ್ಳಿ. "ಚೆನ್ನಾಗಿ ಗಾಳಿ ಆಡ್ತದೆ ಅಳಿಯಂದ್ರೇ, ಕೊಳಿಯಲ್ಲ," ಎಂದರು ಅತ್ತೆ.

ನಾಲ್ಕನೇ ಭಾನುವಾರ ಮಗು ಚಲಿಸಿತು. ಹಿಂದಕ್ಕೆ! ಕಾಯಿಯನ್ನು ನೋಡುತ್ತಲೇ ನೆಲ ಒತ್ತಿ, ಜಾರುತ್ತಾ ಮಂಚದ ಕೆಳಗೆ ಹೋಯಿತು.

"ಇದು ಪ್ರಗತಿನಾ ಅತ್ತೆ?"

"ಬಸ್ಸೂ ಸ್ಟ್ಯಾಂಡಿಂದ ಮೊದ್ಲು ರಿವರ್ಸ್ ತಗಂಡೇ ಹೊರ್ಡೋದು ಕಣ್ಲಾ!"

ಮುಂದಿನ ವಾರ ಮಗು ಮೊಣಕಾಲೂರಿತು. ಅಂಬೆಗಾಲಿನ ಒಂದು ಹೆಜ್ಜೆ, ನಿಂತಿತು, ಇನ್ನೊಂದು. ಕಾಯಿಯನ್ನು ಬದಿಗೆ ತಳ್ಳಿ ನೇರವಾಗಿ ಅತ್ತೆಯ ಮುಖದ ಬಳಿ ಬಂದು ಮೂಗುತಿ ಹಿಡಿಯಿತು. ಅಕ್ಕ ಎಲ್ಲರೆದುರೇ ಅತ್ತಳು.

ಅತ್ತೆ ಮಾತ್ರ ಎರಡೂ ಅಂಗೈ ನೆಲಕ್ಕೊತ್ತಿ ಹಾಗೇ ಇದ್ದರು. "ಎತ್ಕೊಳ್ಳಿ ಅತ್ತೆ," ಎಂದೆ.

"ಅಭ್ಯಾಸ ಇಲ್ಲ ಕಣ್ಲಾ. ಮಕ್ಳಿಲ್ದೋಳ ಕೈಗೆ ಯಾರು ಕೊಡ್ತಿದ್ರು ಕೂಸ? ನೆಲದ ಮ್ಯಾಲೆ ಬುಟ್ರೆ ತಾವಾಗೇ ಬರ್ತಿದ್ವು. ಯಾರ್ನೂ ಕೇಳೋ ಹಂಗಿರ್ಲಿಲ್ಲ."

ನಾವಾದರೂ ಕೊಟ್ಟಿದ್ದೆವೇ? ನೆನಪು ಮಾಡಿಕೊಂಡೆ. ಇಲ್ಲ. ಕೊಡಬಾರದೆಂದು ಯಾರೂ ಹೇಳಿರಲಿಲ್ಲ, ಕೊಟ್ಟಿರಲೂ ಇಲ್ಲ.

ಅಕ್ಕ ಕಣ್ಣೊರೆಸಿಕೊಂಡು ಬಂದು, ಅತ್ತೆಯನ್ನು ಎಬ್ಬಿಸಿ ಕೂರಿಸಿ, ಮಗುವನ್ನು ಅವರ ತೊಡೆಯ ಮೇಲೆ ಹಾಕಿದಳು.

"ಅಯ್ಯೋ, ಬುಡವ್ವ, ಆಡ್ಕಳ್ಳಿ ಅದು," ಎಂದರು ಅತ್ತೆ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು.