ನಡುಗುವ ಸೀಟೂ ನಿದ್ದೆ ಬಾರದ ಮಾವನೂ

ನಾನು ವಿಮಾ ಕಚೇರಿಯ ಗುಮಾಸ್ತ. ವಾರದ ಆರು ದಿನ ಬೇರೆಯವರ ಅಪಘಾತಗಳ ಕಡತ ತಿರುವಿ, ಏಳನೆಯ ದಿನ ನನ್ನ ಸ್ವಂತ ಅಪಘಾತಗಳನ್ನು ಮಾಡಿಕೊಳ್ಳುತ್ತೇನೆ. ಗಾಬರಿಯಾಗಬೇಡಿ, ಎಲ್ಲವೂ ಮನೆಯೊಳಗೇ, ನಮ್ಮ ಚಿಕ್ಕ ಕೋಣೆಯಲ್ಲೇ ನಡೆಯುತ್ತವೆ. ಅಲ್ಲಿ ಒಂದು ಕಬ್ಬಿಣದ ಚೌಕಟ್ಟಿದೆ. ಅದರ ಮೇಲೆ ಕಾರಿನ ಸೀಟು, ಕೈಗೆ ಸ್ಟೀರಿಂಗ್, ಕಾಲಿಗೆ ಪೆಡಲ್, ಎದುರಿಗೆ ದೊಡ್ಡ ಪರದೆ. ಚಕ್ರ ಹಿಡಿದವನೇ ಚಕ್ರವರ್ತಿ ಎಂಬ ಮಾತು ನಿಜವಾದರೆ, ಹತ್ತಡಿ ಉದ್ದ ಎಂಟಡಿ ಅಗಲದ ಆ ಸಾಮ್ರಾಜ್ಯಕ್ಕೆ ನಾನೇ ಸಾರ್ವಭೌಮ. (ಕಸ ಗುಡಿಸುವ ಹೊತ್ತನ್ನು ಬಿಟ್ಟು.)

ಪ್ರತಿ ಭಾನುವಾರ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ನಮ್ಮ ಹನ್ನೆರಡು ಜನರ ರೇಸು. ನಾನು ಸದಾ ಹನ್ನೊಂದನೆಯವನು. ನಮ್ಮ ಸಂಘದ ನಾಯಕರಾದ ದಂತವೈದ್ಯರು ಒಂದು ದಿನ ನನ್ನ ರೋಗವನ್ನು ಪತ್ತೆ ಹಚ್ಚಿದರು.

"ನೀವು ಕಣ್ಣಲ್ಲಿ ಓಡಿಸ್ತೀರ್ರೀ. ಕಾರನ್ನ ಓಡಿಸೋದು ಕುಂಡೆಯಿಂದ. ಟೈರು ಜಾರೋದು ಮೊದಲು ಅಲ್ಲಿಗೆ ಗೊತ್ತಾಗ್ಬೇಕು. ಸೀಟಿನಡಿ ಕಂಪನದ ಯಂತ್ರ ಹಾಕಿಸ್ಕೊಳ್ಳಿ."

ಅವರ ಮಾತಿನಂತೆ ನಾಲ್ಕು ಯಂತ್ರಗಳು ಬಂದವು. ಅಂಗೈಯಗಲದ, ಕಲ್ಲಿನಷ್ಟು ಭಾರದ ಬಿಲ್ಲೆಗಳು. ಹಾಡಲು ಒಪ್ಪದ ಸ್ಪೀಕರ್ ಎಂದುಕೊಳ್ಳಿ. ಸದ್ದನ್ನು ಕಿವಿಗೆ ಕಳಿಸುವ ಬದಲು ನೇರ ಮೂಳೆಗೆ ಕಳಿಸುತ್ತದೆ. ಕಾರಿನ ಒಂದೊಂದು ಚಕ್ರಕ್ಕೆ ಒಂದೊಂದು.

ನನ್ನ ಹೆಂಡತಿ ಗಣಿತದ ಟೀಚರು. ಬಿಲ್ಲೆಯೊಂದನ್ನು ಎತ್ತಿ ನೋಡಿ, "ಭಾನುವಾರನಾದ್ರೂ ನಂಗೆ ಸ್ವಲ್ಪ ಕಂಪನಿ ಕೊಡಿ ಅಂದ್ರೆ ಕಂಪನ ತಂದಿದ್ದೀರಲ್ಲ" ಎಂದಳು.

ಬೋಲ್ಟು ಬಿಗಿದು, ತಂತಿ ಜೋಡಿಸಿ, ಪರೀಕ್ಷೆಗೆಂದು ಗುಂಡಿಯನ್ನು ತುಸುವೇ ತಿರುಗಿಸಿದೆ. ತುಸುವೇ! ಚೌಕಟ್ಟು ಗುಂಯ್ ಎಂದಿತು. ನೆಲವೂ ಗುಂಯ್ ಎಂದಿತು. ಅಡುಗೆಮನೆಯಲ್ಲಿ ಲೋಟಗಳು ಸಾಲು ಹಿಡಿದು ಕಟ್ಟೆಯ ಅಂಚಿಗೆ ನಡೆದು ಒಂದೊಂದಾಗಿ ಹಾರಿಕೊಂಡವು. ಊಟದ ಮೇಜಿನ ಬಳಿಯಿಂದ ಕೂಗು ಬಂತು.

"ರೀ! ಪೂರ್ತಿ ಅಂಕ ಕೊಡಬೇಕಾದ ಉತ್ತರದ ಮೇಲೆ ಕೆಂಪು ಗೀಟು ಎಳೆದಿದ್ದೀನಿ. ಆ ಹುಡುಗಿಗೆ ಏನಂತ ಹೇಳ್ಲಿ? ನಮ್ಮ ಯಜಮಾನರು ಗೇರು ಬದಲಾಯಿಸಿದ್ರು ಅಂತ ಹೇಳ್ಲಾ?"

ಚೌಕಟ್ಟಿನ ಕಾಲಿಗೆ ರಬ್ಬರು ಕೊಡಬೇಕಿತ್ತಂತೆ. ಮೂಲೆಯಲ್ಲಿ ಸುತ್ತಿಟ್ಟಿದ್ದ ಒಂದು ಚಾಪೆ ಒಳ್ಳೆಯ ರಬ್ಬರಿನಂತೆ ಕಂಡಿತು. ಹದಿನಾರು ತುಂಡು ಮಾಡಿ ಕಾಲಿಗೆ ನಾಲ್ಕರಂತೆ ಇಟ್ಟೆ.

"ಅದು ನನ್ನ ಯೋಗದ ಚಾಪೆ!" ಎಂದಳು. "ನಿಮ್ಮ ಆಸನಕ್ಕೋಸ್ಕರ ನನ್ನ ಆಸನ ಕತ್ತರಿಸಿದ್ರಾ?"

ಉತ್ತರ ಕೊಡುವ ಮೊದಲೇ ಬಾಗಿಲ ಕರೆಗಂಟೆ ಮೊಳಗಿ ನನ್ನನ್ನು ಉಳಿಸಿತು. ಮಾವ ಬಂದಿದ್ದರು.

ಮಾವ ಮೂವತ್ತಾರು ವರ್ಷ ದೂರದೂರದ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತಿಯಾದ ದಿನದಿಂದ, ಅಂದರೆ ನಾಲ್ಕು ತಿಂಗಳಿಂದ, ಅವರಿಗೆ ನಿದ್ದೆಯಿಲ್ಲ. ಕಣ್ಣು ಕೆಂಪಾಗಿ, ಕೆನ್ನೆ ಇಳಿದು, ಮಾತಿನ ನಡುವೆ ಗೋಡೆ ನೋಡುತ್ತ ಕೂರುತ್ತಿದ್ದರು. ಮಾತ್ರೆಗೂ ನಿದ್ದೆ ಬಂದಿರಲಿಲ್ಲ. ಹೀಗೇ ಆದರೆ ಹೃದಯಕ್ಕೆ ಕಷ್ಟ ಎಂದು ಡಾಕ್ಟರು ಹೇಳಿದ್ದರಿಂದ ಮಗಳು ಹಟ ಹಿಡಿದು ಕರೆಸಿಕೊಂಡಿದ್ದಳು.

"ಮಲಗಿದ್ರೆ ಏನಾಗುತ್ತೆ ಮಾವ?" ಎಂದು ಕೇಳಿದೆ.

"ಏನೂ ಆಗಲ್ಲ ಅಳಿಯಂದಿರೇ, ಅದೇ ತೊಂದರೆ. ನಮ್ಮದು ಇಬ್ಬರು ಡ್ರೈವರ್ ಇರೋ ಗಾಡಿ. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದುಗಡೆ ಬೆಂಚಲ್ಲಿ ಮಲಗೋದು. ಮನೇಲಿ ಮಂಚ ಅಲ್ಲಾಡಲ್ಲ. ಅಲ್ಲಾಡ್ತಿಲ್ಲ ಅಂದ್ರೆ ಗಾಡಿ ಎಲ್ಲೋ ಕೆಟ್ಟು ನಿಂತಿದೆ ಅಂತ. ಕೆಟ್ಟು ನಿಂತ ಗಾಡೀಲಿ ಡ್ರೈವರ್‌ಗೆ ನಿದ್ದೆ ಹೇಗೆ ಬರುತ್ತೆ ಹೇಳಿ?"

ಇರುವುದು ಒಂದೇ ಹೆಚ್ಚುವರಿ ಕೋಣೆಯಾದ್ದರಿಂದ ಅವರ ಮಂಚ ನನ್ನ ಸಾಮ್ರಾಜ್ಯದಲ್ಲೇ, ಚೌಕಟ್ಟಿಗೆ ತಾಗಿಕೊಂಡು ಬಿತ್ತು. ಶನಿವಾರ ನನಗೆ ಅರ್ಧ ದಿನದ ಕಚೇರಿ. ಮಧ್ಯಾಹ್ನ ಊಟವಾದ ಮೇಲೆ ಮಾವ ಚಾವಣಿ ನೋಡುತ್ತ ಮಲಗಿದರು. ನಾನು ಮರುದಿನ ನಡೆಯಲಿದ್ದ ನಮ್ಮ ಸಂಘದ ಈ ವರ್ಷದ ಅಂತಿಮ ಪಂದ್ಯಕ್ಕೆಂದು ಮೆಲ್ಲಗೆ ಅಭ್ಯಾಸ ಶುರು ಮಾಡಿದೆ. ಮೂರನೆಯ ಸುತ್ತಿನಲ್ಲಿ ಹಿಂದಿನಿಂದ ಒಂದು ಸದ್ದು ಬಂತು. ಎಂಜಿನ್ನಿನದಲ್ಲ. ತಿರುಗಿ ನೋಡಿದರೆ, ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ!

ಹೆಂಡತಿ ಓಡಿಬಂದು ಬಾಗಿಲಲ್ಲೇ ನಿಂತಳು. ಕಣ್ಣಲ್ಲಿ ನೀರು. ಒಂದು ಗುಟುಕು ನೀರು ಕುಡಿಯೋಣವೆಂದು ಕಾರು ನಿಲ್ಲಿಸಿದೆ. ತಟ್ಟನೆ ಗೊರಕೆ ನಿಂತು ಮಾವನ ಕಣ್ಣು ತೆರೆಯಿತು.

"ಯಾವ ಸ್ಟಾಪು?"

"ಹೋಗಿ, ಹೋಗಿ, ನಿಲ್ಲಿಸ್ಬೇಡಿ!" ಎಂದು ಹೆಂಡತಿ ಪಿಸುಗುಟ್ಟಿದಳು.

ಅಂದು ಎರಡೂವರೆ ಗಂಟೆ ಬಾಯಾರಿಕೊಂಡೇ ಓಡಿಸಿದೆ. ಮಾವ ಎದ್ದಾಗ ಹತ್ತು ವರ್ಷ ಚಿಕ್ಕವರಾಗಿದ್ದರು. ನಾನು ಹತ್ತು ವರ್ಷ ದೊಡ್ಡವನಾಗಿದ್ದೆ. ಸಂಜೆಯೊಳಗೆ ಹೆಂಡತಿ ತಾನೇ ಸ್ಪ್ಯಾನರು ಹಿಡಿದು ಹಿಂದಿನ ಚಕ್ರಗಳ ಎರಡು ಬಿಲ್ಲೆ ಬಿಚ್ಚಿ ಮಂಚದಡಿ ಬಿಗಿದಳು. ಚೌಕಟ್ಟಿನ ನಡುಕ ಅರ್ಧಂಬರ್ಧ ಮಾತ್ರ ತಲುಪುತ್ತದಂತೆ. ನನ್ನ ಸೀಟಿಗೆ ಉಳಿದದ್ದು ಮುಂದಿನ ಎರಡು ಚಕ್ರ.

"ನಾಳೆ ಫೈನಲ್ ಕಣೇ!"

"ಆಡಿ, ಬೇಡ ಅಂದೋರು ಯಾರು? ಅಪ್ಪ ಮಲಗಿರೋವಾಗ್ಲೇ ಆಡಿ. ಜೋರಾಗಿ ಬ್ರೇಕ್ ಹಾಕ್ಬೇಡಿ, ರಸ್ತೆ ಅಂಚು ಹತ್ತಿಸ್ಬೇಡಿ, ಯಾರಿಗೂ ಗುದ್ದಬೇಡಿ, ಅಷ್ಟೇ."

ಭಾನುವಾರ ಇಪ್ಪತ್ತು ಸುತ್ತಿನ ಪಂದ್ಯ ಆರಂಭವಾಯಿತು. ಹನ್ನೊಂದು ಕಾರುಗಳು ಬಾಣದಂತೆ ಹಾರಿದವು. ಹನ್ನೆರಡನೆಯದು ತೊಟ್ಟಿಲು ತೂಗುವಂತೆ ಹೊರಟಿತು. ಹಿಂದೆ ಗೊರಕೆ, ಬಾಗಿಲಲ್ಲಿ ಹೆಂಡತಿ. ಕಿವಿಯ ಹೆಡ್‌ಫೋನಿನಲ್ಲಿ ದಂತವೈದ್ಯರು, "ಏನ್ರೀ, ಮೆರವಣಿಗೇಲಿ ಬರ್ತಿದ್ದೀರಾ?" ಎಂದು ನಕ್ಕರು. ಎಲ್ಲರೂ ನಕ್ಕರು. ಐದು ಸುತ್ತು ಸಹಿಸಿದೆ. ಆರನೆಯ ಸುತ್ತಿನಲ್ಲಿ ನನ್ನೊಳಗಿನ ಗಂಡಸು ಎಚ್ಚೆತ್ತು ಪೆಡಲು ತುಳಿದ. ಕಾರು ರಸ್ತೆಯ ಅಂಚು ಹತ್ತಿ ಗಡಗಡಗಡ ಎಂದಿತು. ಮಂಚವೂ ಗಡಗಡ ಎಂದಿತು.

ಗೊರಕೆ ನಿಂತಿತು. ಮಾವ ಎದ್ದರು. ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ನೇರ ಬಂದು ನನ್ನ ಭುಜ ಹಿಡಿದರು.

"ಏಳೋ ಈಚೆ. ಗಾಡಿ ಹಳ್ಳಕ್ಕಿಳಿಸ್ತಿದ್ದೀಯ. ನನ್ನ ಪಾಳಿ ಬಂತು, ಹೋಗಿ ಬಿದ್ಕೋ."

(ಎಂಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.)

"ಮಾವ, ಇದು ರೇಸು..."

"ನಿದ್ದೆಗಣ್ಣಲ್ಲಿ ಇರೋರ ಜೊತೆ ವಾದ ಮಾಡ್ಬೇಡಿ. ಎದ್ದೇಳಿ!" ಎಂದಳು ಹೆಂಡತಿ.

ಎದ್ದೆ. ಅವರು ಕೂತರು. ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕನ್ನಡಿಯನ್ನು ಸರಿಪಡಿಸಿ, ಬಲಗೈ ಹೊರಗೆ ಚಾಚಿ ಹಿಂದಿನವರಿಗೆ ಸನ್ನೆ ಮಾಡಿದರು. ಆ ಕೈಗೆ ಸಿಕ್ಕಿ ನನ್ನ ನೀರಿನ ಬಾಟಲಿ ಉರುಳಿತು. ಪೂರ್ತಿ ಎಚ್ಚರವಾದದ್ದು ಯಾವಾಗಲೋ ಗೊತ್ತಿಲ್ಲ, ಆದರೆ ಸ್ಟೀರಿಂಗ್ ಬಿಡಲಿಲ್ಲ. ಯಾರನ್ನೂ ತಳ್ಳಲಿಲ್ಲ, ಯಾರಿಗೂ ಗುದ್ದಲಿಲ್ಲ. ಒಂದು ತಿರುವಿನಲ್ಲಿ ಐದು ಕಾರುಗಳು ಒಂದರ ಮೇಲೊಂದು ಬಿದ್ದವು. "ಪಾಪ, ಅವಸರದ ಮಕ್ಕಳು" ಎನ್ನುತ್ತ ಪಕ್ಕದಲ್ಲಿ ಸರಿದು ಮುಂದೆ ಹೋದರು.

ನಾನು ಮಂಚದ ಮೇಲೆ ಕುಕ್ಕರಿಸಿದೆ. ಹದಿಮೂರನೆಯ ಸುತ್ತಿನಲ್ಲಿ ಎಡಗಡೆ ಬಿಲ್ಲೆ ಬೇರೆ ಥರ ಮಿಡಿಯತೊಡಗಿತು.

"ಮಾವ, ಎಡ ಕುಂಡೆಗೆ ಧಡ್ ಧಡ್ ಅಂತಿದೆ."

"ಹಿಂದಿನ ಎಡ ಟೈರು ಸವೆದಿದೆ ಅಳಿಯಂದಿರೇ. ಇದಕ್ಕೆ ಡಿಪೋ ಎಲ್ಲಿ?"

ತೋರಿಸಿದೆ. ಒಳಗೆ ಹೋಗಿ ಟೈರು ಬದಲಿಸಿಕೊಂಡು ನಿಧಾನವಾಗಿ ಹೊರಬಂದರು. ಮುಂದಿನ ಸುತ್ತಿನಲ್ಲಿ ಎರಡು ಕಾರುಗಳ ಟೈರು ಒಡೆಯಿತು, ಒಂದು ದಂತವೈದ್ಯರದು. ಆಮೇಲೆ ಏನಾಯಿತು ಎಂದು ನಾನು ಹೇಳಲಾರೆ. ಆ ಮಂಚಕ್ಕೆ ಅದೇನು ಮಹಿಮೆಯೋ, ಜೀವಮಾನದ ಅಂತಿಮ ಪಂದ್ಯದ ಅಂತಿಮ ಸುತ್ತುಗಳಲ್ಲಿ ನಾನು ಸತ್ತಂತೆ ನಿದ್ದೆ ಹೋದೆ.

ಹೆಂಡತಿ ಅಲುಗಿಸಿ ಎಬ್ಬಿಸಿದಳು. "ಅಪ್ಪ ಎರಡನೇ ಸ್ಥಾನ!"

ಪರದೆಯ ಮೇಲೆ ನನ್ನ ಹೆಸರಿತ್ತು. ಅದರ ಕೆಳಗೆ ದಂತವೈದ್ಯರ ಸಂದೇಶ: "ಮೈಕಿನಲ್ಲಿ ಎಲ್ಲ ಕೇಳಿಸಿತು. ನಡುವೆ ಬಂದವರು ಯಾರು? ಮುಂದಿನ ಸಲದಿಂದ ಅವರೇ ಬರಲಿ. ನೀವು ಮೀಸಲು ಚಾಲಕರಾಗಿರಿ."

"ನೋಡಿ, ಸಂಘದಿಂದ ನಿಮ್ಮನ್ನ ತೆಗೆದಿಲ್ಲ" ಎಂದು ಹೆಂಡತಿ ಸಮಾಧಾನ ಹೇಳಿದಳು. ಮಾವ ಆಗಲೇ ಮಂಚದ ಅಂಚಿಗೆ ಬಂದು, ನಾನು ಏಳುವುದನ್ನೇ ಕಾಯುತ್ತಿದ್ದರು.

"ಹದಿನಾಲ್ಕು ಸುತ್ತು ಒಬ್ಬನೇ ಓಡಿಸಿದೀನಿ ಅಳಿಯಂದಿರೇ. ಇನ್ನು ನಿಮ್ಮ ಪಾಳಿ. ನಲವತ್ತರ ಮೇಲೆ ಹೋಗ್ಬೇಡಿ."

ಉಳಿದ ಹನ್ನೊಂದು ಜನ ತಂತಮ್ಮ ಯಂತ್ರ ಆರಿಸಿ ಕಾಫಿ ಕುಡಿಯಲು ಹೋಗಿದ್ದರು. ನಾನು ಖಾಲಿ ರಸ್ತೆಗೆ ಕಾರು ಇಳಿಸಿದೆ. ಮೂರು ಗಂಟೆಯ ಬಳಿಕ ಮಾವ ಮೈಮುರಿದು ಏಳುವಾಗ ಇಪ್ಪತ್ತಮೂರನೆಯ ಸುತ್ತಿನಲ್ಲಿದ್ದೆ, ಅದೂ ಮೊದಲನೆಯ ಸ್ಥಾನದಲ್ಲಿ.